ಹುಬ್ಬಳ್ಳಿ ಪ್ಲಾಟ್‌ಫಾರ್ಮಿನ ಒಂದು ಲೆಕ್ಕ: ಏಕರೂಪ ವೇಗೋತ್ಕರ್ಷವೂ ಏಕಮಾನಗಳ ಹೊಂದಾಣಿಕೆಯೂ

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಉದ್ದ 1507 ಮೀಟರ್. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಎಂಬ ಗಿನ್ನೆಸ್ ದಾಖಲೆ ಅದಕ್ಕಿದೆ. ಇದನ್ನೇ ಇಟ್ಟುಕೊಂಡು ಪಿಯುಸಿ ಮೊದಲ ವರ್ಷದವರಿಗೆ ಒಂದು ಲೆಕ್ಕ ಕೊಡಬಹುದು. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಪ್ಲಾಟ್‌ಫಾರ್ಮಿನ ಒಂದು ತುದಿಗೆ ಬಂದ ರೈಲು ಎಂಜಿನ್ನು ಅಲ್ಲಿಂದ ಏಕರೂಪವಾಗಿ ವೇಗ ಕಳೆದುಕೊಳ್ಳುತ್ತ ಹೋಗಿ ಇನ್ನೊಂದು ತುದಿಯಲ್ಲಿ ಸರಿಯಾಗಿ ನಿಂತಿತು ಎಂದುಕೊಳ್ಳೋಣ. ಹಾಗಾದರೆ ಅದರ ವೇಗೋತ್ಕರ್ಷ, ಅಂದರೆ ವೇಗ ಬದಲಾದ ದರ, ಎಷ್ಟು?

ಹೆಚ್ಚಿನವರು ಬರೆಯುವ ಉತ್ತರ ಹೀಗಿರುತ್ತದೆ. ಕೊನೆಯ ವೇಗ ಸೊನ್ನೆಯಾದ್ದರಿಂದ ಮೊದಲ ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಸಾಕು; 54ರ ವರ್ಗ 2916, ದೂರದ ಎರಡರಷ್ಟು 3014, ಭಾಗಿಸಿದರೆ 0.97. ವೇಗ ಕಡಿಮೆಯಾಗುತ್ತಿರುವುದರಿಂದ ಋಣ ಚಿಹ್ನೆ ಹಾಕಿ, ಮುಂದೆ ಮೀ/ಸೆ² ಎಂದು ಬರೆದು, ಕೆಳಗೆ ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಸೂತ್ರ ಸರಿಯಾಗಿದೆ, ಭಾಗಾಕಾರವೂ ಸರಿಯಾಗಿದೆ, ಉತ್ತರವಂತೂ ನೋಡಿದವರು ನಂಬುವಂತೆಯೇ ಇದೆ; ಏಕೆಂದರೆ ರೈಲೊಂದು ಜೋರಾಗಿ ಬ್ರೇಕ್ ಹಾಕಿದಾಗ ಆಗುವ ವೇಗೋತ್ಕರ್ಷ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೂ ಉತ್ತರ ತಪ್ಪು. ಸರಿಯಾದ ಬೆಲೆ 0.075 ಮೀ/ಸೆ², ಅಂದರೆ ಬರೆದದ್ದು ಸುಮಾರು ಹದಿಮೂರು ಪಟ್ಟು ಹೆಚ್ಚಾಗಿದೆ.

ರೈಲಿನ ವೇಗೋತ್ಕರ್ಷ 970 ಎಂದು ಬಂದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ‘ಉತ್ತರ ಬಂದ ಮೇಲೆ ಅದು ಸಾಧ್ಯವೇ ಎಂದು ಒಮ್ಮೆ ನೋಡಿರಿ’ ಎಂದು ತರಗತಿಗಳಲ್ಲಿ ಹೇಳುವುದುಂಟು. ಒಳ್ಳೆಯ ಮಾತೇ, ಆದರೆ ಅದು ಇಂಥ ಕಡೆ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ತಪ್ಪನ್ನು ಹಿಡಿಯಬಲ್ಲ ಉಪಾಯ ಒಂದೇ: ಪ್ರತಿ ಅಂಕಿಯ ಜೊತೆಗೆ ಅದರ ಏಕಮಾನವನ್ನೂ ಲೆಕ್ಕದ ಪ್ರತಿ ಸಾಲಿನಲ್ಲಿ ಬರೆಯುತ್ತ ಹೋಗುವುದು. ಹಾಗೆ ಬರೆದಿದ್ದರೆ ಭಾಗಾಕಾರದ ಸಾಲಿನಲ್ಲಿ ಮೇಲೆ (ಕಿಮೀ/ಗಂ)² ಇರುತ್ತಿತ್ತು, ಕೆಳಗೆ ಮೀಟರ್ ಇರುತ್ತಿತ್ತು. ಕಿಲೋಮೀಟರಿನ ವರ್ಗವನ್ನು ಗಂಟೆಯ ವರ್ಗದಿಂದಲೂ ಮೀಟರಿನಿಂದಲೂ ಭಾಗಿಸಿದಾಗ ಬರುವುದು ಮೀ/ಸೆ² ಅಲ್ಲ ಎಂಬುದು ಆಗ ಕಣ್ಣಿಗೆ ಹೊಡೆಯುತ್ತಿತ್ತು.

ಸಮೀಕರಣಗಳು ಹೇಳುವುದೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ವೇಗೋತ್ಕರ್ಷವೆಂದರೆ ವೇಗ ಬದಲಾಗುವ ದರ. ಪ್ರತಿ ಸೆಕೆಂಡಿಗೆ ವೇಗ ಎಷ್ಟು ಹೆಚ್ಚಿತು ಅಥವಾ ಎಷ್ಟು ಕಡಿಮೆಯಾಯಿತು ಎಂಬುದರ ಅಳತೆ. ಆ ದರ ಚಲನೆಯ ಉದ್ದಕ್ಕೂ ಒಂದೇ ಆಗಿದ್ದರೆ ಅದು ಏಕರೂಪ ವೇಗೋತ್ಕರ್ಷ. ಒಂಬತ್ತನೆಯ ತರಗತಿಯಲ್ಲೇ ಪರಿಚಯವಾಗುವ ಮೂರು ಸಮೀಕರಣಗಳು ಅನ್ವಯಿಸುವುದು ಈ ಸ್ಥಿತಿಗೆ ಮಾತ್ರ. ಅಕ್ಷರಗಳಿಗೆ ಬದಲಾಗಿ ಮಾತಿನಲ್ಲಿ ಬರೆದರೆ ಅವು ಹೀಗಿರುತ್ತವೆ:

ಕೊನೆಯ ವೇಗ = ಮೊದಲ ವೇಗ + ವೇಗೋತ್ಕರ್ಷ × ಕಾಲ

ದೂರ = ಮೊದಲ ವೇಗ × ಕಾಲ + ½ × ವೇಗೋತ್ಕರ್ಷ × ಕಾಲ²

ಕೊನೆಯ ವೇಗ² = ಮೊದಲ ವೇಗ² + 2 × ವೇಗೋತ್ಕರ್ಷ × ದೂರ

ನಿಖರವಾಗಿ ಹೇಳುವುದಾದರೆ ‘ದೂರ’ ಎಂದಿರುವ ಕಡೆ ಸ್ಥಾನಪಲ್ಲಟ (ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ಇರುವ ನೇರ ಅಂತರ, ದಿಕ್ಕಿನ ಸಮೇತ) ಎನ್ನಬೇಕು. ನೇರ ದಾರಿಯಲ್ಲಿ ಒಂದೇ ದಿಕ್ಕಿಗೆ ಸಾಗುವ ಬಸ್ಸು ರೈಲುಗಳ ಮಟ್ಟಿಗೆ ಎರಡೂ ಒಂದೇ ಆದ್ದರಿಂದ ಸುಲಭದ ಪದವನ್ನೇ ಬಳಸಿದ್ದೇನೆ. ಈ ಸಮೀಕರಣಗಳಲ್ಲಿ ‘+’ ಚಿಹ್ನೆ ಇರುವ ಕಡೆಯಲ್ಲೆಲ್ಲ ಒಂದು ಕಟ್ಟುನಿಟ್ಟು ಅಡಗಿದೆ. ಎರಡು ಕ್ವಿಂಟಲ್ ಹತ್ತಿಗೆ ಮೂರು ಎಕರೆ ಹೊಲವನ್ನು ಕೂಡಿಸಿ ಐದು ಎನ್ನಲು ಹೇಗೆ ಬರುವುದಿಲ್ಲವೋ ಹಾಗೆಯೇ ಒಂದೇ ಏಕಮಾನ ಇಲ್ಲದ ಎರಡು ಬೆಲೆಗಳನ್ನು ಕೂಡಿಸಲು ಬರುವುದಿಲ್ಲ. ಎರಡನೆಯ ಸಮೀಕರಣವನ್ನು ಈ ಕಣ್ಣಿನಿಂದ ನೋಡಿದರೆ, ಮೀ/ಸೆ ಅನ್ನು ಸೆಕೆಂಡಿನಿಂದ ಗುಣಿಸಿದಾಗ ಮೀಟರ್ ಉಳಿಯುತ್ತದೆ, ಮೀ/ಸೆ² ಅನ್ನು ಸೆಕೆಂಡಿನ ವರ್ಗದಿಂದ ಗುಣಿಸಿದಾಗಲೂ ಮೀಟರೇ ಉಳಿಯುತ್ತದೆ, ಆದ್ದರಿಂದ ಕೂಡಿಸಬಹುದು. ಅವಸರದಲ್ಲಿ ಕಾಲದ ಮೇಲಿನ ವರ್ಗವನ್ನು ಬಿಟ್ಟು ಬರೆದ ವಿದ್ಯಾರ್ಥಿಗೆ ಮೊದಲ ಭಾಗ ಮೀಟರಿನಲ್ಲಿಯೂ ಎರಡನೆಯ ಭಾಗ ಮೀ/ಸೆ ನಲ್ಲಿಯೂ ಬರುತ್ತವೆ. ಏಕಮಾನ ಬರೆದುಕೊಂಡಿದ್ದರೆ ಅವನು ಅಲ್ಲಿಯೇ ನಿಂತು ಸೂತ್ರವನ್ನು ತಿದ್ದಿಕೊಳ್ಳುತ್ತಾನೆ, ಬರೆಯದಿದ್ದರೆ ಅಂಕಿಗಳು ಯಾವ ತಕರಾರೂ ಇಲ್ಲದೆ ಕೂಡಿಕೊಂಡುಬಿಡುತ್ತವೆ.

ನಮ್ಮ ನಿತ್ಯದ ವೇಗಗಳೆಲ್ಲ ಕಿಮೀ/ಗಂ ನಲ್ಲಿರುತ್ತವೆ, ಪ್ರಶ್ನೆಪತ್ರಿಕೆಯ ವೇಗೋತ್ಕರ್ಷ ಮಾತ್ರ ಮೀ/ಸೆ² ನಲ್ಲಿರುತ್ತದೆ. ತೊಂದರೆಯ ಬಹುಪಾಲು ಹುಟ್ಟುವುದೇ ಇಲ್ಲಿ. ಒಂದು ಕಿಲೋಮೀಟರ್ ಎಂದರೆ 1000 ಮೀಟರ್, ಒಂದು ಗಂಟೆ ಎಂದರೆ 3600 ಸೆಕೆಂಡ್. 1000ವನ್ನು 3600ರಿಂದ ಭಾಗಿಸಿ ಸಂಕ್ಷೇಪಿಸಿದರೆ 5/18. ಆದ್ದರಿಂದ ಕಿಮೀ/ಗಂ ನಲ್ಲಿರುವ ವೇಗವನ್ನು 5ರಿಂದ ಗುಣಿಸಿ 18ರಿಂದ ಭಾಗಿಸಿದರೆ ಮೀ/ಸೆ ಸಿಗುತ್ತದೆ. 18ಕ್ಕೆ 5, 36ಕ್ಕೆ 10, 54ಕ್ಕೆ 15, 72ಕ್ಕೆ 20, 90ಕ್ಕೆ 25, 108ಕ್ಕೆ 30: ಹದಿನೆಂಟರ ಮಗ್ಗಿ ಬಂದವರಿಗೆ ಇದು ಬಾಯಿಪಾಠವಾಗಲು ಹೆಚ್ಚು ಹೊತ್ತು ಬೇಡ. ಕೆಸಿಇಟಿಯಲ್ಲಿ ಭೌತಶಾಸ್ತ್ರದ 60 ಪ್ರಶ್ನೆಗಳಿಗೆ 80 ನಿಮಿಷ ಇರುತ್ತದೆ, ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಪ್ರಶ್ನೆ ರಚಿಸುವವರು 54, 72, 90ರಂಥ ಅಂಕಿಗಳನ್ನೇ ಹೆಚ್ಚಾಗಿ ಆರಿಸಿಕೊಳ್ಳುವುದು ಇದಕ್ಕಾಗಿಯೇ. ಈ ಅಂಕಿ ಕಂಡೊಡನೆ ‘ಪರಿವರ್ತಿಸು’ ಎಂದು ಪ್ರಶ್ನೆಯೇ ಹೇಳುತ್ತಿದೆ ಎಂದು ತಿಳಿಯಬೇಕು. ಪರಿವರ್ತಿಸದೆ ಮಾಡಿದರೆ ಬರುವ ತಪ್ಪು ಉತ್ತರವೂ ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಕಾದು ಕುಳಿತಿರುವುದು ಅಪರೂಪವಲ್ಲ.

ಈಗ ಪ್ಲಾಟ್‌ಫಾರ್ಮಿನ ಲೆಕ್ಕವನ್ನು ಮತ್ತೆ ಮಾಡೋಣ. 54 ಕಿಮೀ/ಗಂ = 15 ಮೀ/ಸೆ. 15 ಮೀ/ಸೆ ಇದರ ವರ್ಗ 225 ಮೀ²/ಸೆ². ಇದನ್ನು 3014 ಮೀಟರಿನಿಂದ ಭಾಗಿಸಿದರೆ ಒಂದು ಮೀಟರ್ ಹೊಡೆದುಹೋಗಿ 0.0747 ಮೀ/ಸೆ² ಉಳಿಯುತ್ತದೆ. ನಿಲ್ಲಲು ಹಿಡಿಯುವ ಕಾಲ 15 ÷ 0.0747, ಅಂದರೆ ಸುಮಾರು 201 ಸೆಕೆಂಡ್. ಮೂರು ನಿಮಿಷ ಇಪ್ಪತ್ತೊಂದು ಸೆಕೆಂಡ್.

ಹೊಂದಾಣಿಕೆ ಎಂದರೆ ಮೀಟರ್ ಮತ್ತು ಸೆಕೆಂಡುಗಳನ್ನೇ ಬಳಸಬೇಕೆಂದು ಅರ್ಥವಲ್ಲ. ಹಲವರು ಹಾಗೆಂದೇ ತಿಳಿದಿದ್ದಾರೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವೇಗವನ್ನು 54 ಕಿಮೀ/ಗಂ ಎಂದೇ ಇಟ್ಟುಕೊಂಡು, ಪ್ಲಾಟ್‌ಫಾರ್ಮಿನ ಉದ್ದವನ್ನು 1.507 ಕಿಲೋಮೀಟರ್ ಎಂದು ಬರೆದರೆ 2916 ÷ 3.014 = 967.5 ಕಿಮೀ/ಗಂ² ಎಂಬ ಉತ್ತರ ಬರುತ್ತದೆ. ಇದು ಪೂರ್ತಿ ಸರಿಯಾದ ಉತ್ತರ. ಕಾಲವನ್ನೂ ಕೇಳಿ ನೋಡಿ: 54ನ್ನು 967.5ರಿಂದ ಭಾಗಿಸಿದರೆ 0.0558 ಗಂಟೆ, ಅದನ್ನು 3600ರಿಂದ ಗುಣಿಸಿದರೆ ಮತ್ತೆ ಅದೇ 201 ಸೆಕೆಂಡ್. ಸಮೀಕರಣಕ್ಕೆ ಕಿಲೋಮೀಟರಿನ ಮೇಲೆ ಕೋಪವೂ ಇಲ್ಲ, ಮೀಟರಿನ ಮೇಲೆ ಪ್ರೀತಿಯೂ ಇಲ್ಲ. ಒಳಗೆ ಹೋದ ಎಲ್ಲ ಉದ್ದಗಳೂ ಒಂದೇ ಏಕಮಾನದಲ್ಲಿರಬೇಕು, ಎಲ್ಲ ಕಾಲಗಳೂ ಒಂದೇ ಏಕಮಾನದಲ್ಲಿರಬೇಕು, ಅದಿಷ್ಟೇ ಅದರ ಬೇಡಿಕೆ. ಮೀಟರ್-ಸೆಕೆಂಡುಗಳನ್ನು ಆರಿಸುವುದಕ್ಕೆ ಕಾರಣ ಬೇರೆ. ಅಲ್ಲಿ ಬರುವ ಬೆಲೆಗಳು ನಮ್ಮ ಊಹೆಗೆ ನಿಲುಕುತ್ತವೆ, ಮುಂದೆ ಬಲ ಮತ್ತು ಶಕ್ತಿಯ ಲೆಕ್ಕಕ್ಕೆ ಹೋದಾಗ ನ್ಯೂಟನ್, ಜೂಲ್‌ಗಳಿಗೆ ನೇರವಾಗಿ ಸೇರಿಕೊಳ್ಳುತ್ತವೆ. 967.5 ಕಿಮೀ/ಗಂ² ಎಂದರೆ ಮೆಲ್ಲಗೆ ನಿಂತ ರೈಲೋ ಹಳಿ ತಪ್ಪುವಂತೆ ಬ್ರೇಕ್ ಹಾಕಿದ ರೈಲೋ ಎಂದು ಯಾರೂ ಥಟ್ಟನೆ ಹೇಳಲಾರರು.

ಇಂಥ ಬೆಲೆಯನ್ನು ಮೀ/ಸೆ² ಗೆ ತರುವಾಗಲೂ ಒಂದು ಗುಂಡಿ ಇದೆ. ವೇಗಕ್ಕೆ ಬಳಸಿದ 5/18 ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಗಂಟೆಯ ಮೇಲೆ ವರ್ಗವಿದೆ. 1000ವನ್ನು 3600ರಿಂದ ಎರಡು ಸಲ ಭಾಗಿಸಬೇಕು. ಹಾಗೆ ಮಾಡಿದರೆ 1 ಮೀ/ಸೆ² ಎಂದರೆ 12,960 ಕಿಮೀ/ಗಂ² ಎಂದು ತಿಳಿಯುತ್ತದೆ. 967.5ನ್ನು 12,960ರಿಂದ ಭಾಗಿಸಿ ನೋಡಿ, 0.0747 ಸಿಗುತ್ತದೆ.

ತಪ್ಪಿನ ಗಾತ್ರವೂ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ತಮ್ಮದೇ ಪಥದಲ್ಲಿ ಓಡುವ ಬಿಆರ್‌ಟಿಎಸ್‌ನ ಚಿಗರಿ ಬಸ್ಸನ್ನು ತೆಗೆದುಕೊಳ್ಳೋಣ. ನಿಲ್ದಾಣದಿಂದ ಹೊರಟ ಬಸ್ಸು 1 ಮೀ/ಸೆ² ವೇಗೋತ್ಕರ್ಷದಲ್ಲಿ 54 ಕಿಮೀ/ಗಂ ವೇಗವನ್ನು ಮುಟ್ಟುತ್ತದೆ ಎಂದು ಭಾವಿಸಿದರೆ, ಸರಿಯಾದ ಲೆಕ್ಕದಂತೆ ಅದಕ್ಕೆ 15 ಸೆಕೆಂಡ್ ಸಾಕು, ಅಷ್ಟರಲ್ಲಿ ಅದು 112.5 ಮೀಟರ್ ಕ್ರಮಿಸಿರುತ್ತದೆ. 54ನ್ನು ಪರಿವರ್ತಿಸದೆ ಹಾಗೇ ಹಾಕಿದವರಿಗೆ ಕಾಲ 54 ಸೆಕೆಂಡ್ ಎಂದೂ ದೂರ 1458 ಮೀಟರ್ ಎಂದೂ ಬರುತ್ತದೆ. ಅಂದರೆ ಆ ಬಸ್ಸು ವೇಗ ಹಿಡಿಯಲು ರೈಲು ನಿಲ್ದಾಣದ ಆ ಪ್ಲಾಟ್‌ಫಾರ್ಮು ಬಹುತೇಕ ಪೂರಾ ಓಡಬೇಕಾಗುತ್ತದೆ! ಕಾಲದಲ್ಲಿ ಆದ ತಪ್ಪು 3.6 ಪಟ್ಟು, ದೂರದಲ್ಲಿ ಆದದ್ದು 12.96 ಪಟ್ಟು, ಅಂದರೆ 3.6ರ ವರ್ಗ. ವೇಗ ಎಲ್ಲಿ ಒಂದೇ ಸಲ ಬರುತ್ತದೆಯೋ ಅಲ್ಲಿ ತಪ್ಪು ಒಂದು ಸಲ, ಎಲ್ಲಿ ವರ್ಗವಾಗಿ ಬರುತ್ತದೆಯೋ ಅಲ್ಲಿ ತಪ್ಪೂ ವರ್ಗವಾಗುತ್ತದೆ. ರೈಲಿನ ಲೆಕ್ಕದಲ್ಲಿ ಕಂಡ ಹದಿಮೂರು ಪಟ್ಟು ಬಂದದ್ದೂ ಇಲ್ಲಿಂದಲೇ. ಮಾದರಿ ಉತ್ತರದೊಡನೆ ಹೋಲಿಸಿ ನೋಡುವಾಗ ನಿಮ್ಮ ಉತ್ತರ 3.6 ಪಟ್ಟು ಇಲ್ಲವೇ ಸುಮಾರು 13 ಪಟ್ಟು ಹೆಚ್ಚಾಗಿದ್ದರೆ ಅಥವಾ ಕಡಿಮೆಯಾಗಿದ್ದರೆ, ಸೂತ್ರವನ್ನು ಅನುಮಾನಿಸುವ ಮೊದಲು ಪರಿವರ್ತನೆಯನ್ನು ಹುಡುಕಿ.

ಏಕಮಾನಗಳ ಬೆರಕೆ ಪರೀಕ್ಷಾ ಕೊಠಡಿಯ ಸಮಸ್ಯೆ ಮಾತ್ರವಲ್ಲ. ಅಮೆರಿಕದ ನಾಸಾ ಮಂಗಳ ಗ್ರಹಕ್ಕೆ ಕಳಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಕಳೆದುಹೋದದ್ದಕ್ಕೆ ಮೂಲ ಕಾರಣ ಇದೇ ಆಗಿತ್ತು: ನೌಕೆಯ ಸಣ್ಣ ತಳ್ಳುಯಂತ್ರಗಳ ಪರಿಣಾಮವನ್ನು ಭೂಮಿಯ ಮೇಲಿನ ಒಂದು ತಂತ್ರಾಂಶ ಪೌಂಡ್-ಸೆಕೆಂಡಿನಲ್ಲಿ ಕೊಡುತ್ತಿತ್ತು, ಪಥದ ಲೆಕ್ಕ ಹಾಕುವವರು ಅದನ್ನು ನ್ಯೂಟನ್-ಸೆಕೆಂಡ್ ಎಂದು ಓದಿಕೊಂಡರು. ಎರಡರ ನಡುವಿನ ಅಂತರ 4.45 ಪಟ್ಟು.

ನಮ್ಮ ಕಡೆ ಇಂದಿಗೂ ಜೀವಂತವಾಗಿರುವ ಬೆರಕೆಯೆಂದರೆ ಅಡಿ ಮತ್ತು ಮೀಟರಿನದು. ದೇಶದಲ್ಲಿ ಮೆಟ್ರಿಕ್ ಪದ್ಧತಿಯನ್ನು ತಂದ ಕಾಯ್ದೆ 1956ರದು; ಆದರೂ ಗದಗ, ಹಾವೇರಿ ಜಿಲ್ಲೆಗಳ ಯಾವ ಹೊಲದಲ್ಲಿ ಕೇಳಿದರೂ ಬಾವಿಯ ಆಳ, ಬೋರಿನ ಆಳ ಅಡಿಯಲ್ಲೇ ಇರುತ್ತದೆ. ಬಾವಿಯೊಳಗೆ ಕಲ್ಲು ಬಿಟ್ಟಾಗ 2 ಸೆಕೆಂಡಿಗೆ ನೀರು ಮುಟ್ಟಿತು ಎಂದುಕೊಳ್ಳೋಣ. ಗುರುತ್ವ ವೇಗೋತ್ಕರ್ಷವನ್ನು 9.8 ಮೀ/ಸೆ² ಎಂದು ಹಿಡಿದರೆ ಆಳ ½ × 9.8 × 4 = 19.6 ಮೀಟರ್. 32 ಅಡಿ/ಸೆ² ಎಂದು ಹಿಡಿದರೆ ½ × 32 × 4 = 64 ಅಡಿ. ಎರಡೂ ಒಂದೇ ಆಳ, ಎರಡೂ ಸರಿ. ಮೊದಲನೆಯ ದಾರಿಯಲ್ಲಿ ಹೋಗಿ ‘ಬಾವಿ ಇಪ್ಪತ್ತು ಅಡಿ ಐತಿ’ ಎಂದು ಹೇಳಿದರೆ ಮಾತ್ರ ಹಗ್ಗ ಸಾಲುವುದಿಲ್ಲ. ಹಳೆಯ ಪುಸ್ತಕಗಳಲ್ಲಿ 980 ಎಂದು ಕಾಣುವುದೂ ಇದೇ ಬೆಲೆಯೇ, ಸೆಂಟಿಮೀಟರಿನಲ್ಲಿ.

ಚಿಹ್ನೆಯ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸಬಹುದು: ಯಾವ ದಿಕ್ಕನ್ನು ಧನವೆಂದು ಹಿಡಿದಿದ್ದೀರೋ ಅದನ್ನು ಲೆಕ್ಕದ ತಲೆಗೆ ಬರೆದುಕೊಂಡು ಕೊನೆಯವರೆಗೂ ಬದಲಿಸದಿರಿ.

ಆದರೆ ‘ಏಕರೂಪ’ ಎಂಬ ಷರತ್ತನ್ನು ಹಾಗೆ ದಾಟಿ ಹೋಗಲಾಗದು, ಏಕೆಂದರೆ ನಿಜಜೀವನದ ಬಹುತೇಕ ಚಲನೆಗಳಲ್ಲಿ ವೇಗೋತ್ಕರ್ಷ ಒಂದೇ ಆಗಿರುವುದಿಲ್ಲ. ಅದನ್ನು ತುಂಡು ಮಾಡಿ, ಪ್ರತಿ ತುಂಡಿನೊಳಗೆ ಅದು ಒಂದೇ ಎಂದು ಹಿಡಿಯಬೇಕಾಗುತ್ತದೆ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ 90 ಕಿಮೀ/ಗಂ ವೇಗದಲ್ಲಿ ಬರುತ್ತಿರುವ ಕಾರಿನ ಮುಂದೆ ಹೊಟ್ಟು ತುಂಬಿದ ಟ್ರ್ಯಾಕ್ಟರೊಂದು ಅಡ್ಡ ಬಂದಿತು ಎನ್ನೋಣ. ಚಾಲಕ ನೋಡಿ ಬ್ರೇಕಿನ ಮೇಲೆ ಕಾಲಿಡಲು 1 ಸೆಕೆಂಡ್ ಹಿಡಿಯಿತು, ಬ್ರೇಕ್ ಹಾಕಿದ ಮೇಲೆ ವೇಗ ಪ್ರತಿ ಸೆಕೆಂಡಿಗೆ 5 ಮೀ/ಸೆ ನಂತೆ ಇಳಿಯಿತು. ಮೊದಲ ತುಂಡಿನಲ್ಲಿ ವೇಗೋತ್ಕರ್ಷ ಸೊನ್ನೆ, ವೇಗ 25 ಮೀ/ಸೆ, ದೂರ 25 ಮೀಟರ್. ಎರಡನೆಯ ತುಂಡಿನಲ್ಲಿ 625 ಮೀ²/ಸೆ² ಅನ್ನು 10 ಮೀ/ಸೆ² ನಿಂದ ಭಾಗಿಸಿದರೆ 62.5 ಮೀಟರ್. ಒಟ್ಟು 87.5 ಮೀಟರ್. ಎರಡೂ ತುಂಡುಗಳನ್ನು ಒಂದೇ ಸಮೀಕರಣಕ್ಕೆ ತುರುಕಲು ಹೋದವರಿಗೆ ಯಾವ ಏಕಮಾನವೂ ಸಹಾಯ ಮಾಡದು. ಇದೇ ಕಾರು 45 ಕಿಮೀ/ಗಂ ವೇಗದಲ್ಲಿ ಬರುತ್ತಿದ್ದರೆ 12.5 ಮೀಟರಿಗೆ 15.6 ಮೀಟರ್ ಸೇರಿ ಸುಮಾರು 28 ಮೀಟರಿನಲ್ಲಿ ನಿಲ್ಲುತ್ತಿತ್ತು. ವೇಗ ಅರ್ಧವಾದರೆ ನಿಲ್ಲುವ ದೂರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಕೊನೆಗೆ, ಏಕಮಾನ ಬರೆದುಕೊಂಡು ಹೋಗುವ ಜಾಣ ವಿದ್ಯಾರ್ಥಿಗಳನ್ನೇ ಗಾಬರಿಗೊಳಿಸುವ ಒಂದು ಸೂತ್ರವನ್ನು ನೋಡಲೇಬೇಕು. ಒಂದು ನಿರ್ದಿಷ್ಟ ಸೆಕೆಂಡಿನಲ್ಲಿ, ಉದಾಹರಣೆಗೆ ಮೂರನೆಯ ಸೆಕೆಂಡ್ ಒಂದರಲ್ಲಿಯೇ, ವಸ್ತು ಕ್ರಮಿಸಿದ ದೂರವನ್ನು ಕಂಡುಹಿಡಿಯಲು ಪಿಯುಸಿಯಲ್ಲಿ ಹೀಗೆ ಕಲಿಸುತ್ತಾರೆ:

ಎನ್-ನೆಯ ಸೆಕೆಂಡಿನ ದೂರ = ಮೊದಲ ವೇಗ + (ವೇಗೋತ್ಕರ್ಷ ÷ 2) × (2ಎನ್ − 1)

ಎಡಗಡೆ ಮೀಟರ್ ಇದೆ, ಬಲಗಡೆ ಮೊದಲಿಗೆ ಮೀ/ಸೆ, ನಂತರ ಮೀ/ಸೆ². ಇಷ್ಟು ಹೊತ್ತು ಹೇಳಿದ್ದಕ್ಕೆಲ್ಲ ಇದು ನೇರ ವಿರುದ್ಧ. ಸೂತ್ರ ತಪ್ಪಲ್ಲ, ಅದರೊಳಗೆ ‘1 ಸೆಕೆಂಡ್’ ಎಂಬುದು ಎರಡು ಕಡೆ ಅಡಗಿದೆ. ಎನ್ ಸೆಕೆಂಡುಗಳ ಒಟ್ಟು ದೂರದಿಂದ ಅದಕ್ಕೆ ಒಂದು ಸೆಕೆಂಡ್ ಹಿಂದಿನವರೆಗಿನ ದೂರವನ್ನು ಕಳೆದಾಗ ಮೊದಲ ವೇಗದ ಪಕ್ಕದಲ್ಲಿ 1 ಸೆಕೆಂಡ್, ವೇಗೋತ್ಕರ್ಷದ ಪಕ್ಕದಲ್ಲಿ 1 ಸೆಕೆಂಡಿನ ವರ್ಗ ಉಳಿಯುತ್ತವೆ. ಒಂದರಿಂದ ಗುಣಿಸಿದರೆ ಅಂಕಿ ಬದಲಾಗುವುದಿಲ್ಲವೆಂದು ಬರೆಯುವವರು ಅವನ್ನು ಕೈಬಿಟ್ಟಿದ್ದಾರೆ. ಅಂಕಿ ಬದಲಾಗದಿರುವುದು ನಿಜ, ಆದರೆ ಏಕಮಾನ ಬದಲಾಗುತ್ತದೆ, ಕಷ್ಟ ಬರುವುದೂ ಅಲ್ಲಿಯೇ.

ನಿಂತಲ್ಲಿಂದ ಹೊರಟು 10 ಸೆಕೆಂಡಿನಲ್ಲಿ 100 ಕಿಮೀ/ಗಂ ವೇಗ ಮುಟ್ಟುವ ಕಾರನ್ನು ತೆಗೆದುಕೊಳ್ಳಿ; ಕಾರಿನ ಜಾಹೀರಾತುಗಳಲ್ಲಿ ಹೇಳುವ ರೀತಿ ಇದು. ಅದರ ವೇಗೋತ್ಕರ್ಷ ಪ್ರತಿ ಸೆಕೆಂಡಿಗೆ 10 ಕಿಮೀ/ಗಂ ಎಂದು ಹಾಗೆಯೇ ಬರೆಯಬಹುದು. ಮೂರನೆಯ ಸೆಕೆಂಡಿಗೆ ಸೂತ್ರ ಹಚ್ಚಿದರೆ 0 + 5 × 5 = 25. ಇಪ್ಪತ್ತೈದು ಏನು? ಮೀಟರ್ ಎಂದು ಬರೆದವರೇ ಹೆಚ್ಚು. ಕೈಬಿಟ್ಟ ಸೆಕೆಂಡುಗಳಲ್ಲಿ ಒಂದನ್ನು ಮಾತ್ರ ಮರಳಿ ಹಾಕಿ ನೋಡಿದರೆ ಅದು 25 ಕಿಮೀ/ಗಂ ಎಂದು ತಿಳಿಯುತ್ತದೆ. ಮೂರನೆಯ ಸೆಕೆಂಡ್ ಆರಂಭವಾದಾಗ ಕಾರಿನ ವೇಗ 20, ಮುಗಿದಾಗ 30, ನಡುವಿನ ಸರಾಸರಿ 25. ಹಾಗಾದರೆ ಸೂತ್ರದ ಬಲಗಡೆ ಇರುವುದು ದೂರವೇ ಅಲ್ಲ, ಆ ಸೆಕೆಂಡಿನ ಸರಾಸರಿ ವೇಗ. ಅದನ್ನು 1 ಸೆಕೆಂಡಿನಿಂದ ಗುಣಿಸಿ, 5/18 ಬಳಸಿ ಮೀಟರಿಗೆ ತಂದರೆ 6.94 ಮೀಟರ್. ಇದೇ ಸರಿಯಾದ ಉತ್ತರ.

ಮೊದಲ ಸೆಕೆಂಡಿಗೆ ಹೀಗೆಯೇ ಲೆಕ್ಕ ಹಾಕಿದರೆ 1.39 ಮೀಟರ್, ಎರಡನೆಯದಕ್ಕೆ ಅದರ ಮೂರು ಪಟ್ಟು, ಮೂರನೆಯದಕ್ಕೆ ಐದು ಪಟ್ಟು, ನಾಲ್ಕನೆಯದಕ್ಕೆ ಏಳು ಪಟ್ಟು. ಹದಿನೇಳನೆಯ ಶತಮಾನದ ಆರಂಭದಲ್ಲಿ ಗೆಲಿಲಿಯೊ ಇಳಿಜಾರಿನ ಹಲಗೆಯ ಮೇಲೆ ಗುಂಡು ಉರುಳಿಸಿ ಕಂಡುಕೊಂಡದ್ದು ಈ ಬೆಸಸಂಖ್ಯೆಗಳ ನಿಯಮವನ್ನೇ. ಅವನ ಬಳಿ ಸೆಕೆಂಡ್ ತೋರಿಸುವ ಗಡಿಯಾರ ಇರಲಿಲ್ಲ. ಪಾತ್ರೆಯಿಂದ ಸಣ್ಣ ಕೊಳವೆಯಲ್ಲಿ ಹರಿದ ನೀರನ್ನು ತಕ್ಕಡಿಯಲ್ಲಿ ತೂಗಿ ಕಾಲವನ್ನು ಅಳೆದ. ತನಗೆ ಬೇಕಾದದ್ದು ಒಂದು ಕಾಲಕ್ಕೂ ಇನ್ನೊಂದು ಕಾಲಕ್ಕೂ ಇರುವ ಅನುಪಾತ ಮಾತ್ರವಾದ್ದರಿಂದ ಯಾವ ಏಕಮಾನವೂ ಅವನಿಗೆ ಅಡ್ಡಿಯಾಗಲಿಲ್ಲ: ಅನುಪಾತದಲ್ಲಿ ಏಕಮಾನ ಮೇಲೂ ಕೆಳಗೂ ಇದ್ದು ಹೊಡೆದುಹೋಗುತ್ತದೆ. ನಮ್ಮ ಕಾರಿನ ಹತ್ತು ಸೆಕೆಂಡುಗಳಿಗೆ 1ರಿಂದ 19ರವರೆಗಿನ ಹತ್ತು ಬೆಸಸಂಖ್ಯೆಗಳನ್ನು ಕೂಡಿಸಿದರೆ 100. ಮೊದಲ ಸೆಕೆಂಡಿನ 1.389 ಮೀಟರನ್ನು ಅದರಿಂದ ಗುಣಿಸಿದರೆ 138.9 ಮೀಟರ್. ಬೇರೆ ದಾರಿಯಿಂದ ತಾಳೆ ನೋಡುವುದಾದರೆ, ಹತ್ತು ಸೆಕೆಂಡುಗಳ ಸರಾಸರಿ ವೇಗ 50 ಕಿಮೀ/ಗಂ, ಅಂದರೆ 13.89 ಮೀ/ಸೆ, ಅದನ್ನು 10 ಸೆಕೆಂಡಿನಿಂದ ಗುಣಿಸಿದರೂ 138.9 ಮೀಟರೇ ಬರುತ್ತದೆ.